ಹಾಲು ಕುಡಿಸೋದು ಅಮ್ಮ, ಹಾಗಾದ್ರೆ ಅಪ್ಪನ ಕೆಲಸ ಏನು?

ಪ್ರಶ್ನೆ: ನಮಗಿದು ಮೊದಲ ಮಗು, ಹೆಣ್ಣು. ಇವತ್ತಿಗೆ 16 ದಿನ. ಸಿಸೇರಿಯನ್ ಆಗಿದೆ. ಹೆಂಡತಿ ಬಾಣಂತನಕ್ಕೆ ತಿಪಟೂರಿನ ತವರಲ್ಲಿದ್ದಾಳೆ. ನಾನು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಶುಕ್ರವಾರ ರಾತ್ರಿ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತೇನೆ. ಮಗು ಹುಟ್ಟಿದಾಗ 2.9 ಕೆಜಿ ಇತ್ತು. ನಾಲ್ಕನೇ ದಿನ ಡಿಸ್ಚಾರ್ಜ್ ಆಗುವಾಗ 2.7. ಮೊನ್ನೆ 14ನೇ ದಿನ ತೂಕ ಮಾಡಿಸಿದಾಗ 2.95. ಹಾಲು ಸಾಲುತ್ತಿಲ್ಲ, ಅದಕ್ಕೇ ಸಂಜೆಯೆಲ್ಲ ಅಳುತ್ತೆ, ಪೌಡರ್ ಹಾಲು ಶುರು ಮಾಡೋಣ ಅಂತ ಅತ್ತೆ ಹೇಳುತ್ತಿದ್ದಾರೆ. ನಿಜ ಹೇಳಬೇಕೆಂದರೆ ನನಗೂ ಬಾಟಲಿ ಇದ್ದರೆ ಒಳ್ಳೇದು ಅನಿಸಿದೆ. ಆಗ ನಾನೂ ಕುಡಿಸಬಹುದು, ಮಗು ನನಗೂ ಹೊಂದಿಕೊಳ್ಳುತ್ತೆ. ಈಗ ನಾನು ಎತ್ತಿಕೊಂಡರೆ ಸಾಕು, ಅಳು ಶುರು. ಆ ಮನೆಯಲ್ಲಿ ನನ್ನನ್ನು ಅಡುಗೆಮನೆಗೂ ಬಿಡುವುದಿಲ್ಲ, ಬಾಣಂತಿ ಕೋಣೆಯಲ್ಲಿ ಜಾಸ್ತಿ ಹೊತ್ತು ಕೂರಲು ನನಗೇ ಮುಜುಗರ. ಅಪ್ಪನಾಗಿ ನಾನು ಏನು ಮಾಡಬಹುದು? ಅತ್ತೆಗೆ ಹೇಗೆ ಹೇಳುವುದು?

ಉತ್ತರ: ಮೊದಲು ತೂಕದ ಲೆಕ್ಕ ನೋಡೋಣ. ನಿಮ್ಮ ಮನೆಯ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ಹುಟ್ಟಿದ ಮಗು ಮೊದಲ ಮೂರು ನಾಲ್ಕು ದಿನ ತೂಕ ಕಳೆದುಕೊಳ್ಳುತ್ತದೆ. ಇದು ಬಹುತೇಕ ಎಲ್ಲ ಮಕ್ಕಳಲ್ಲೂ ಆಗುವಂಥದ್ದು. ಹುಟ್ಟಿದ ತೂಕದ ನೂರಕ್ಕೆ 7ರವರೆಗೆ ಇಳಿದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, 10 ದಾಟಿದರೆ ಕಾರಣ ಹುಡುಕುತ್ತೇವೆ. ನಿಮ್ಮ ಮಗಳು ಇಳಿದದ್ದು 200 ಗ್ರಾಂ, ಅಂದರೆ ನೂರಕ್ಕೆ 7ರ ಒಳಗೇ. ಆಮೇಲೆ 10ರಿಂದ 14 ದಿನದೊಳಗೆ ಮಗು ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ನಿಮ್ಮದು 14ನೇ ದಿನಕ್ಕೆ ಅದನ್ನು ದಾಟಿ 50 ಗ್ರಾಂ ಮುಂದಿದೆ. ನಾಲ್ಕನೇ ದಿನದಿಂದ ಲೆಕ್ಕ ಹಾಕಿದರೆ 10 ದಿನಕ್ಕೆ 250 ಗ್ರಾಂ, ದಿನಕ್ಕೆ 25 ಗ್ರಾಂ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸರಿಯಾಗಿದೆ ಎಂದೇ ಅರ್ಥ. ಈ ತೂಕ ಗಾಳಿ ಕುಡಿದು ಬಂದದ್ದಲ್ಲ ಸ್ವಾಮಿ, ನಿಮ್ಮ ಹೆಂಡತಿಯ ಎದೆಹಾಲಿನಿಂದಲೇ ಬಂದದ್ದು.

ಇದರ ಜೊತೆಗೆ ಒದ್ದೆ ಬಟ್ಟೆ ಎಣಿಸಿ. ಬೇರೆ ಏನನ್ನೂ ಕೊಡದೆ ಬರೀ ಎದೆಹಾಲು ಕುಡಿಯುವ ಮಗು ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಮಾಡಬೇಕು. ಅದರ ಬಣ್ಣ ತಿಳಿಯಾಗಿರಬೇಕು. ಕಕ್ಕ ಹಳದಿಯಾಗಿ, ತೆಳ್ಳಗೆ, ಸ್ವಲ್ಪ ಕಾಳುಕಾಳಾಗಿ ಇರುತ್ತದೆ. ಅದು ಭೇದಿ ಅಲ್ಲ. ಈ ಎರಡೂ ಸರಿಯಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಎದೆ ಮೆತ್ತಗಾಗಿದೆ, ಹಿಂಡಿದರೆ ಜಾಸ್ತಿ ಬರಲಿಲ್ಲ, ಪಕ್ಕದ ಮನೆ ಮಗು ಗುಂಡಗಿದೆ ಎಂಬ ಮಾತುಗಳೆಲ್ಲ ಹಾಲಿನ ಅಳತೆಗೋಲೇ ಅಲ್ಲ. ಎರಡು ಮೂರು ವಾರದ ಹೊತ್ತಿಗೆ ಎದೆಯ ಬಿಗಿತ ಇಳಿದು ಮೆತ್ತಗಾಗುವುದು ಸಹಜ. ಮಗುವಿಗೆ ಎಷ್ಟು ಬೇಕೋ ಅಷ್ಟಕ್ಕೆ ದೇಹ ಹೊಂದಿಕೊಂಡಿದೆ, ಅಷ್ಟೇ.

ಹಾಗಾದರೆ ಸಂಜೆಯೆಲ್ಲ ಅಳುವುದು ಯಾಕೆ? ಈ ವಯಸ್ಸಿನ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ಆದರೆ ಗಡಿಯಾರ ನೋಡಿಕೊಂಡು ಕುಡಿಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆ ಮಲಗಿ, ಸಂಜೆ ಆರರಿಂದ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ಎದೆಗೆ ಬರುವ ಮಕ್ಕಳು ಬೇಕಾದಷ್ಟಿವೆ. ಕುಡಿಯುತ್ತದೆ, ಬಿಡುತ್ತದೆ, ಅಳುತ್ತದೆ, ಮತ್ತೆ ಬೇಕು ಅನ್ನುತ್ತದೆ. ಮಗು ಹೀಗೆ ಮತ್ತೆ ಮತ್ತೆ ಚೀಪುವುದರಿಂದಲೇ ಹಾಲು ಹೆಚ್ಚುತ್ತದೆ. ಅಳುವೂ ಸುಮಾರು ಆರನೇ ವಾರದವರೆಗೆ ಏರುತ್ತಾ ಹೋಗಿ ಆಮೇಲೆ ಇಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲೇ ಇದನ್ನು ದಾಖಲಿಸಿದ್ದಾರೆ. ಅಂದರೆ ನಿಮ್ಮ ಮನೆಯಲ್ಲಿ ಇನ್ನೂ ಮೂರ್ನಾಲ್ಕು ವಾರ ಸಂಜೆ ಅಳುವಿನ ಕಛೇರಿ ಇದ್ದೇ ಇರುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ.

ಈಗ ಪೌಡರ್ ಹಾಲಿನ ವಿಷಯ. ಎದೆಯಿಂದ ಎಷ್ಟು ಹಾಲು ಖಾಲಿಯಾಗುತ್ತದೋ ಅಷ್ಟು ಮತ್ತೆ ತಯಾರಾಗುತ್ತದೆ. ಸಂಜೆ ಏಳಕ್ಕೆ 60 ಎಂಎಲ್ ಪೌಡರ್ ಹಾಲು ಕೊಟ್ಟರೆ ಮಗು ಸುಮ್ಮನಾಗಿ ಗಾಢವಾಗಿ ನಿದ್ದೆ ಹೋಗುತ್ತದೆ. ‘ನೋಡಿ, ಹಸಿವೇ ಇತ್ತು’ ಅಂತ ಎಲ್ಲರೂ ಅನ್ನುತ್ತಾರೆ. ಅತ್ತ ಎದೆಹಾಲು ಹಾಗೇ ನಿಲ್ಲುತ್ತದೆ. ಖಾಲಿಯಾಗದ ಎದೆ ಮಾರನೇ ದಿನ ಅಷ್ಟು ಕಡಿಮೆ ಮಾಡುತ್ತದೆ. ನಾಳಿದ್ದು 60 ಇದ್ದದ್ದು 90 ಆಗುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ನಿಜಕ್ಕೂ ಹಾಲು ಸಾಲದೆ ಬರುತ್ತದೆ. ಹಾಲಿಲ್ಲ ಎಂದು ನನ್ನ ಬಳಿ ಬರುವ ತಾಯಂದಿರಲ್ಲಿ ಬಹಳಷ್ಟು ಜನ ಹೀಗೇ ಅಲ್ಲಿಗೆ ತಲುಪಿದವರು. ನಮ್ಮ ದೇಶದಲ್ಲಿ ಹಾಲಿನ ಪುಡಿ ಮತ್ತು ಹಾಲಿನ ಬಾಟಲಿಯ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಜಾಹೀರಾತು ಇಲ್ಲದಿದ್ದರೂ ನೆಂಟರ ಬಾಯಿ ಮಾತಿನಲ್ಲೇ ಅದರ ಪ್ರಚಾರ ಚೆನ್ನಾಗಿ ನಡೆಯುತ್ತಿದೆ ಅನ್ನಿ. ಹಾಗಂತ ಪೌಡರ್ ಹಾಲು ವಿಷವೇನಲ್ಲ. ತೂಕ ಏರದ ಮಗುವಿಗೆ, ತಾಯಿಗೆ ತೀರಾ ಹುಷಾರಿಲ್ಲದಾಗ, ವೈದ್ಯರು ಹೇಳಿದರೆ ಧೈರ್ಯವಾಗಿ ಕೊಡಬೇಕು. ಆದರೆ ನಿಮ್ಮ ಮಗಳಿಗೆ ಈಗ ಅದರ ಅಗತ್ಯ ಇಲ್ಲ.

ಬಾಟಲಿ ಹಿಡಿದರೆ ಮಗು ಹೊಂದಿಕೊಳ್ಳುತ್ತದೆ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ದಿನದಲ್ಲಿ ಹಾಲು ಕುಡಿಯುವುದು ಒಂದು ಭಾಗ ಮಾತ್ರ. ಎತ್ತಿಕೊಳ್ಳುವುದು, ತೇಗಿಸುವುದು, ಬಟ್ಟೆ ಬದಲಿಸುವುದು, ಸ್ನಾನ, ಮಲಗಿಸುವುದು, ಸುಮ್ನೆ ಎದೆ ಮೇಲೆ ಹಾಕಿಕೊಂಡು ಕೂರುವುದು, ಇವೆಲ್ಲ ಅಪ್ಪನೂ ಮಾಡಬಹುದಾದ ಕೆಲಸಗಳು. ಅಮ್ಮ ಮಾತ್ರ ಮಾಡಬಲ್ಲ ಕೆಲಸ ಒಂದೇ. ಅದನ್ನೇ ನೀವು ಯಾಕೆ ಕೇಳುತ್ತೀರಿ? ಅದೊಂದನ್ನು ಆಕೆ ನೆಮ್ಮದಿಯಾಗಿ ಮಾಡುವ ಹಾಗೆ ನೋಡಿಕೊಂಡು ಉಳಿದದ್ದನ್ನು ನೀವು ಹಿಡಿಯಿರಿ.

ಅಪ್ಪ ಜೊತೆಗಿದ್ದರೆ ನಿಜವಾಗಿ ವ್ಯತ್ಯಾಸ ಆಗುತ್ತದಾ ಎಂದು ಕೇಳಬಹುದು. ಇಟಲಿಯ ನೇಪಲ್ಸ್‌ನಲ್ಲಿ ವೈದ್ಯರು ಒಂದು ಪ್ರಯೋಗ ಮಾಡಿದ್ದರು, 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಅಪ್ಪಂದಿರಿಗೆ ಎದೆಹಾಲು ಕುಡಿಸುವಾಗ ಬರುವ ಸಾಮಾನ್ಯ ತೊಂದರೆಗಳು, ಅವುಗಳನ್ನು ನಿಭಾಯಿಸುವ ರೀತಿ ಹೇಳಿಕೊಟ್ಟರು. ಇನ್ನೊಂದು ಗುಂಪಿನವರಿಗೆ ಇದನ್ನು ಹೇಳಿಕೊಡಲಿಲ್ಲ. ಆರು ತಿಂಗಳ ಹೊತ್ತಿಗೆ ಪೂರ್ತಿ ಎದೆಹಾಲಿನಲ್ಲೇ ಇದ್ದ ಮಕ್ಕಳು ಮೊದಲ ಗುಂಪಿನಲ್ಲಿ ನೂರಕ್ಕೆ 25, ಎರಡನೆಯದರಲ್ಲಿ 15. ಕುಡಿಸಲು ತೊಂದರೆ ಅನುಭವಿಸಿದ ತಾಯಂದಿರನ್ನಷ್ಟೇ ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಮೊದಲ ಗುಂಪಿನಲ್ಲಿ ನೂರಕ್ಕೆ 24, ಎರಡನೆಯದರಲ್ಲಿ 5ಕ್ಕೂ ಕಡಿಮೆ. ಆ ಅಪ್ಪಂದಿರು ಹಾಲು ಕುಡಿಸಲಿಲ್ಲ. ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೇ.

ಹಾಗಾಗಿ ನಿಮಗೂ ಒಂದು ವಿಷಯ ಸರಿಯಾಗಿ ತೋರಿಸಿಕೊಡುತ್ತೇನೆ. ಮಗು ಎದೆಯನ್ನು ಹೇಗೆ ಹಿಡಿದಿದೆ ಎಂದು ನೋಡುವುದು. ಇದು ಅಮ್ಮನಿಗಿಂತ ಅಪ್ಪನಿಗೆ ಚೆನ್ನಾಗಿ ಕಾಣುತ್ತದೆ. ಆಕೆ ಮೇಲಿನಿಂದ ನೋಡುತ್ತಾಳೆ, ಮಗುವಿನ ಕೆಳತುಟಿ ಮತ್ತು ಗದ್ದ ಕಾಣುವುದೇ ಇಲ್ಲ. ನೀವು ಪಕ್ಕದಲ್ಲಿ ನೆಲದ ಮೇಲೆ ಕೂತು ಮಗುವಿನ ಮುಖದ ಮಟ್ಟಕ್ಕೆ ಬಗ್ಗಿ ನೋಡಿ. ಬಾಯಿ ಆಕಳಿಸುವಷ್ಟು ಅಗಲ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ಮೂಗಿಗೆ ಉಸಿರಾಡಲು ಜಾಗ ಇರಬೇಕು. ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಮೇಲೆ ಸ್ವಲ್ಪ ಕಾಣಬಹುದು, ಕೆಳತುಟಿಯ ಕಡೆ ಬಹುತೇಕ ಬಾಯೊಳಗೇ ಹೋಗಿರಬೇಕು. ಕೆನ್ನೆ ಗುಂಡಗಿರಬೇಕು. ಪ್ರತಿ ಸಲ ಎಳೆದಾಗಲೂ ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದರೆ, ಚಟ್ ಚಟ್ ಸದ್ದು ಬರುತ್ತಿದ್ದರೆ ಬರೀ ತೊಟ್ಟನ್ನಷ್ಟೇ ಹಿಡಿದಿದೆ ಎಂದರ್ಥ. ಆಗ ಹಾಲೂ ಸರಿಯಾಗಿ ಬರುವುದಿಲ್ಲ, ತೊಟ್ಟೂ ಸೀಳುತ್ತದೆ. ಮೊದಲು ಬೇಗ ಬೇಗ ಚೀಪಿ, ಆಮೇಲೆ ನಿಧಾನವಾಗಿ ಎಳೆದು, ಗದ್ದ ಒಂದು ಕ್ಷಣ ನಿಂತು, ನುಂಗಿದ ಸದ್ದು ಕೇಳಿದರೆ ಹಾಲು ಇಳಿಯುತ್ತಿದೆ.

ಹಿಡಿದದ್ದು ಸರಿಯಿಲ್ಲದಿದ್ದರೆ ಮಗುವನ್ನು ಎಳೆದು ಬಿಡಿಸಬಾರದು. ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಿಂದ ಒಳಗೆ ತೂರಿಸಿದರೆ ತಾನಾಗಿ ಬಿಡುತ್ತದೆ. ಆಮೇಲೆ ಮತ್ತೆ ಹಿಡಿಸಬೇಕು. ಮೊದಲ ಕೆಲವು ಸೆಕೆಂಡು ಸ್ವಲ್ಪ ನೋವಿರಬಹುದು. ಕುಡಿಯುವಷ್ಟು ಹೊತ್ತೂ ಹಲ್ಲು ಕಚ್ಚಿ ತಡೆಯಬೇಕಾದ ನೋವು ಇದ್ದರೆ ಏನೋ ಸರಿಯಿಲ್ಲ. ‘ತಾಯಿಯಾದ ಮೇಲೆ ತಡ್ಕೋಬೇಕು’ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಅಂಥ ಹೊತ್ತಲ್ಲೂ ಆ ಎದೆಯ ಹಾಲು ಕುಡಿಸುವುದನ್ನು ನಿಲ್ಲಿಸಬಾರದು.

ಸಿಸೇರಿಯನ್ ಆಗಿದೆ ಅಂದಿರಿ. ತೊಡೆ ಮೇಲೆ ಮಗು ಹಾಕಿಕೊಂಡರೆ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಪಕ್ಕಕ್ಕೆ ತಿರುಗಿ ಮಲಗಿ ಕುಡಿಸುವುದು, ಇಲ್ಲವೇ ಮಗುವಿನ ಕಾಲು ಬೆನ್ನಿನ ಕಡೆ ಹೋಗುವ ಹಾಗೆ ಕಂಕುಳಡಿ ಹಿಡಿದು ಕುಡಿಸುವುದು ಆಕೆಗೆ ಹಗುರ. ಎರಡಕ್ಕೂ ದಿಂಬು ಜೋಡಿಸಿ ಮಗುವನ್ನು ಸರಿಯಾದ ಎತ್ತರಕ್ಕೆ ತಂದುಕೊಡಲು ಇನ್ನೊಬ್ಬರು ಬೇಕು. ಶನಿವಾರ, ಭಾನುವಾರ ಆ ಇನ್ನೊಬ್ಬರು ನೀವೇ ಆಗಿರಿ.

ಇನ್ನು ರಾತ್ರಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ. ಅದಕ್ಕೇ ರಾತ್ರಿಯ ಹಾಲು ತಪ್ಪಿಸಬಾರದು. ಆದರೆ ರಾತ್ರಿಯ ಕೆಲಸವನ್ನೆಲ್ಲ ಆಕೆಯೇ ಮಾಡಬೇಕು ಎಂದೇನಿಲ್ಲ. ಮಗು ಮಿಸುಕಿದ ಕೂಡಲೇ, ಇನ್ನೂ ಅಳು ಶುರುವಾಗುವ ಮೊದಲೇ, ಎದ್ದು ಎತ್ತಿಕೊಳ್ಳಿ. ಬಾಯಿ ಆಚೀಚೆ ತಿರುಗಿಸುವುದು, ಕೈ ಚೀಪುವುದು ಹಸಿವಿನ ಮೊದಲ ಗುರುತು, ಅಳು ಕೊನೆಯದು. ಬಟ್ಟೆ ಬದಲಿಸಿ ಹೆಂಡತಿಯ ಕೈಗೆ ಕೊಡಿ. ಪಕ್ಕದಲ್ಲಿ ಒಂದು ಲೋಟ ನೀರು ಇಡಿ. ಕುಡಿಸಲು ಕೂತ ತಕ್ಷಣ ಬಾಯಾರಿಕೆ ಆಗುತ್ತದೆ, ಎಷ್ಟೋ ತಾಯಂದಿರು ಇದನ್ನು ಹೇಳುತ್ತಾರೆ. ಕುಡಿದಾದ ಮೇಲೆ ಮಗುವನ್ನು ನೀವು ತೆಗೆದುಕೊಂಡು ಭುಜಕ್ಕೆ ಹಾಕಿ ತೇಗಿಸಿ, ಮಲಗಿಸಿ. ಆಕೆ ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತಾಳೆ. ವಾರಕ್ಕೆ ಎರಡೇ ರಾತ್ರಿ ಆದರೂ ಇದು ದೊಡ್ಡ ಉಪಕಾರ. ಅತ್ತೆಗೂ ಆ ಎರಡು ರಾತ್ರಿ ನಿದ್ದೆ ಸಿಗುತ್ತದೆ. ಅವರೂ ಎರಡು ವಾರದಿಂದ ಸರಿಯಾಗಿ ಮಲಗಿಲ್ಲ ಎಂಬುದು ನೆನಪಿರಲಿ.

ಇದಕ್ಕೆ ನೀವು ಬಾಣಂತಿ ಕೋಣೆಯಲ್ಲಿ ಮಲಗಬೇಕು, ಹಾಲ್‌ನಲ್ಲಲ್ಲ. ಮುಜುಗರದ ಮೂಲ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಅಳಿಯ ಬಂದ ಅಂದರೆ ತವರಲ್ಲಿ ಒಬ್ಬಟ್ಟು, ಪಾಯಸ, ಬಿಸಿ ಬಿಸಿ ಕಾಫಿ. ಬಾಣಂತಿ, ಮಗು, ಎಣ್ಣೆ ನೀರು, ಬಟ್ಟೆ ತೊಳೆಯುವುದು ಎಲ್ಲದರ ಮಧ್ಯೆ ನಿಮ್ಮ ಉಪಚಾರ ಇನ್ನೊಂದು ಕೆಲಸ. ವಾರಕ್ಕೊಮ್ಮೆ ಬರುವ ಅತಿಥಿಯಾಗಿ ಇದ್ದಷ್ಟು ದಿನ ಮಗುವಿನ ಹತ್ತಿರ ನಿಮಗೆ ಜಾಗ ಸಿಗುವುದಿಲ್ಲ. ಯಾರೂ ಕರೆದು ಕೊಡುವುದೂ ಇಲ್ಲ. ಹೋದ ತಕ್ಷಣ ಬಟ್ಟೆ ಬದಲಿಸಿ, ಕೈಕಾಲು ತೊಳೆದು, ಮಗುವಿನ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋಗಿ. ಮೊದಲ ಸಲ ‘ಅಯ್ಯೋ ನೀವ್ಯಾಕೆ’ ಅನ್ನುತ್ತಾರೆ. ಎರಡನೇ ಸಲವೂ ಅನ್ನುತ್ತಾರೆ. ಮೂರನೇ ಸಲ ಸೋಪು ಎಲ್ಲಿದೆ ಅಂತ ಹೇಳುತ್ತಾರೆ.

ಊಟದ ವಿಷಯದಲ್ಲೂ ನಿಮ್ಮ ಕಣ್ಣಿರಲಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ತುಪ್ಪ, ಅಂಟಿನ ಉಂಡೆ, ಇವೆಲ್ಲ ಚೆನ್ನಾಗಿಯೇ ಇವೆ, ತಿನ್ನಲಿ. ಗೋಳು ಇರುವುದು ‘ತಿನ್ನಬಾರದು’ ಎಂಬ ಪಟ್ಟಿಯಲ್ಲಿ. ಹಣ್ಣು ಬೇಡ, ಮೊಸರು ಬೇಡ, ನೀರು ಜಾಸ್ತಿ ಬೇಡ, ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ. ಕುಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿ ಬೇಕು. ಬಾಯಾರಿದಾಗೆಲ್ಲ ನೀರು ಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಸಿಸೇರಿಯನ್ ಆದವರಿಗಂತೂ ಅದು ನರಕ. ಬಿಸಿನೀರೇ ಆಗಲಿ, ಜೀರಿಗೆ ನೀರೇ ಆಗಲಿ, ಎರಡು ಲೀಟರ್ ಹಿಡಿಯುವ ಫ್ಲಾಸ್ಕ್ ಒಂದು ಕೊಂಡುಹೋಗಿ ಕೋಣೆಯಲ್ಲಿಡಿ. ವಾದ ಮಾಡುವುದಕ್ಕಿಂತ ಇದು ಸುಲಭ. ಕೋಣೆಯಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಕೊಡುವುದು ಮಾತ್ರ ಬೇಡ. ಎಳೆ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಗುವಿಗೆ ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು, ಗ್ರೈಪ್ ವಾಟರ್, ಕೊನೆಗೆ ಬರೀ ನೀರು, ಆರು ತಿಂಗಳವರೆಗೆ ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾ ಮಗುವಿನ ನರಗಳನ್ನೇ ಹೊಡೆಯಬಲ್ಲದು. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಅದನ್ನು ಮಾತ್ರ ತಪ್ಪಿಸಬೇಡಿ.

ನೋಡಲು ಬರುವವರ ಬಗ್ಗೆ ಎರಡು ಮಾತು. ತಯಾರಾದ ಹಾಲು ಎದೆಯಿಂದ ಇಳಿಯಲು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಬೇಕು. ನೋವು, ಗಾಬರಿ, ನಾಚಿಕೆ ಇದ್ದಾಗ ಅದು ತಡವಾಗುತ್ತದೆ. ಹತ್ತು ಜನ ಸುತ್ತ ಕೂತು ‘ಹಾಲು ಬರ್ತಿದೆಯಾ? ಮಗು ಯಾಕೆ ಸಣ್ಣಗಿದೆ?’ ಎಂದು ಕೇಳುವಾಗ ಯಾವ ಹೆಣ್ಣುಮಗಳಿಗೂ ಹಾಲು ಸಲೀಸಾಗಿ ಇಳಿಯುವುದಿಲ್ಲ. ಬಂದವರನ್ನು ಹಾಲ್‌ನಲ್ಲಿ ಕೂರಿಸಿ ಮಾತಾಡಿಸುವ ಕೆಲಸ ನಿಮ್ಮದು. ‘ಮಗು ಈಗ ಕುಡಿಯುತ್ತಿದೆ, ಕಾಫಿ ತಗೊಳ್ಳಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೆಗಡಿ ಕೆಮ್ಮು ಇರುವವರು ಮಗುವನ್ನು ಎತ್ತುವುದು ಬೇಡ, ಎತ್ತುವವರೆಲ್ಲ ಕೈ ತೊಳೆಯಲಿ. ಹೆಂಡತಿಗೆ ಹೇಳುವ ಮಾತಲ್ಲೂ ಜೋಪಾನ. ‘ಸಾಲಲ್ವೇನೋ’ ಎಂದು ನೀವು ಒಮ್ಮೆ ಅಂದರೆ ಅದು ಹತ್ತು ನೆಂಟರು ಅಂದದ್ದಕ್ಕಿಂತ ಆಳಕ್ಕೆ ನಾಟುತ್ತದೆ. ತೂಕದ ಚೀಟಿ ತೋರಿಸಿ, ‘ಈ 250 ಗ್ರಾಂ ನಿನ್ನದೇ’ ಎನ್ನಿ.

ಈಗ ನಿಮ್ಮ ಮುಖ್ಯ ಸಂಕಟಕ್ಕೆ ಬರೋಣ. ನೀವು ಎತ್ತಿಕೊಂಡರೆ ಮಗು ಅಳುವುದು. ಮೊದಲನೆಯದಾಗಿ, ಅದು ನಿಮ್ಮನ್ನು ಬೇಡ ಅನ್ನುತ್ತಿಲ್ಲ. ಒಂಬತ್ತು ತಿಂಗಳು ಕೇಳಿದ್ದು ಅಮ್ಮನ ದನಿ, ಅಮ್ಮನ ಎದೆಬಡಿತ. ಈಗ ಮೂಗಿಗೆ ಬರುವುದು ಅಮ್ಮನ ಹಾಲಿನ ವಾಸನೆ. ನವಜಾತ ಶಿಶುಗಳು ಅಪ್ಪನ ದನಿಯನ್ನು ಬೇರೆ ಗಂಡಸರ ದನಿಯಿಂದ ಬೇರ್ಪಡಿಸಬಲ್ಲವು, ಆದರೆ ಅದಕ್ಕೇ ಆದ್ಯತೆ ಕೊಡುವುದಿಲ್ಲ ಎಂದು 1984ರ ಒಂದು ಅಧ್ಯಯನ ತೋರಿಸಿತ್ತು. ಅಮ್ಮನ ದನಿಗೆ ಆದ್ಯತೆ ಹುಟ್ಟಿದಾಗಲೇ ಇರುತ್ತದೆ. ನಿಮ್ಮ ದನಿಯನ್ನು ಮಗು ಇನ್ನು ಮುಂದೆ ರೂಢಿ ಮಾಡಿಕೊಳ್ಳಬೇಕು. ಎರಡನೆಯದು, ನೀವು ಎತ್ತಿಕೊಳ್ಳುವುದು ಯಾವಾಗ? ಬಹುಶಃ ಸಂಜೆ, ಎಲ್ಲರ ಕೈಲೂ ಅತ್ತು ಅತ್ತು ಸುಸ್ತಾದಾಗ ‘ಸ್ವಲ್ಪ ಹಿಡ್ಕೊಳ್ಳಿ’ ಎಂದು ಕೊಟ್ಟಾಗ. ಆ ಹೊತ್ತಲ್ಲಿ ಯಾರು ಎತ್ತಿಕೊಂಡರೂ ಅಳುತ್ತದೆ. ಹೊಟ್ಟೆ ತುಂಬಿ, ಎಚ್ಚರವಾಗಿ, ಶಾಂತವಾಗಿರುವಾಗ ಎತ್ತಿಕೊಳ್ಳಿ. ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಅಂಥ ಹದಿನೈದು ಇಪ್ಪತ್ತು ನಿಮಿಷ ಸಿಗುತ್ತದೆ. ಈ ವಯಸ್ಸಿನ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಮೊಳಕೈಯಲ್ಲಿ ಹಾಕಿಕೊಂಡರೆ ನಿಮ್ಮ ಮುಖ ಸರಿಯಾಗಿ ಅಷ್ಟೇ ದೂರದಲ್ಲಿರುತ್ತದೆ. ನಿಧಾನವಾಗಿ ಏನಾದರೂ ಹೇಳಿ. ರೈಲು ಎಷ್ಟು ತಡವಾಯಿತು ಅಂತ ಹೇಳಿದರೂ ನಡೆಯುತ್ತದೆ.

ಇನ್ನೊಂದು ದಾರಿ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಮೈಗೆ ಮೈ ತಾಗಿಸಿಕೊಳ್ಳುವುದು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಕಡಿಮೆ ತೂಕದ ಮಕ್ಕಳನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಡಲು ಶುರು ಮಾಡಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಬೆಳೆಸುವ ಕೆಲಸ ನಡೆದಿದೆ. ಕಡಿಮೆ ತೂಕದ ಮಗುವಿಗೆ ಅದು ಚಿಕಿತ್ಸೆ. ನಿಮ್ಮ ಮಗಳಂಥ ತುಂಬಿದ ತೂಕದ ಮಗುವಿಗೆ ಅದು ಅಪ್ಪನ ಪರಿಚಯ. ಸ್ನಾನ ಮಾಡಿ, ಸೆಂಟ್ ಹಾಕದೆ, ಶರ್ಟ್ ತೆಗೆದು, ಬೆನ್ನಿಗೆ ದಿಂಬು ಇಟ್ಟು ಸ್ವಲ್ಪ ಒರಗಿ ಕೂತುಕೊಳ್ಳಿ. ಮಗುವಿಗೆ ಡೈಪರ್ ಮತ್ತು ಟೋಪಿ ಮಾತ್ರ ಇರಲಿ. ನೆಟ್ಟಗೆ ನಿಮ್ಮ ಎದೆ ಮೇಲೆ ಹಾಕಿಕೊಳ್ಳಿ, ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಬಾಯಿ ಕಾಣುತ್ತಿರಲಿ, ಕತ್ತು ಮಡಚದಿರಲಿ. ಮೇಲೆ ಹಳೇ ಹತ್ತಿ ಪಂಚೆ ಹೊದಿಸಿ. ಮೊದಲ ಎರಡು ನಿಮಿಷ ಮಗು ಬಾಯಿ ತೆರೆದು ಎದೆ ಹುಡುಕಬಹುದು. ಸಿಗುವುದಿಲ್ಲ, ಸ್ವಲ್ಪ ಕೊಸರುತ್ತದೆ, ಆಮೇಲೆ ಬಹಳಷ್ಟು ಸಲ ಮುಷ್ಟಿ ಬಿಚ್ಚಿ ನಿದ್ದೆ ಹೋಗುತ್ತದೆ. ನಿಮಗೆ ನಿದ್ದೆ ಬರುತ್ತಿದ್ದರೆ ಮಾತ್ರ ಮಗುವನ್ನು ಎತ್ತಿ ತನ್ನ ಜಾಗದಲ್ಲಿ ಅಂಗಾತ ಮಲಗಿಸಿ. ಸೋಫಾದ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ಅಪಾಯ. ಸಿಗರೇಟು ಸೇದುವವರಾದರೆ ಬಿಡಲು ಇದಕ್ಕಿಂತ ಒಳ್ಳೆ ನೆಪ ಇನ್ನೊಂದಿಲ್ಲ.

ಹೀಗೆ ಕೈಯಾರೆ ನೋಡಿಕೊಳ್ಳುವುದು ಗಂಡಸಿನ ದೇಹವನ್ನೂ ಬದಲಿಸುತ್ತದೆ. ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ 600ಕ್ಕೂ ಹೆಚ್ಚು ಯುವಕರನ್ನು ಕೆಲ ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪ್ಪನಾದವರಲ್ಲಿ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನಿನ ಮಟ್ಟ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಮಗುವಿನ ಕೆಲಸ ಮಾಡುವವರಲ್ಲಿ ಅದು ಇನ್ನೂ ಕಡಿಮೆ. ಮಮತೆ ಮೊದಲು ಉಕ್ಕಿ ಬರಬೇಕು, ಆಮೇಲೆ ಕೆಲಸ ಅಂದುಕೊಂಡು ಕಾಯಬೇಡಿ. ಮೊದಲ ವಾರ ಏನೂ ಅನಿಸಲಿಲ್ಲ ಎಂದು ಗುಟ್ಟಾಗಿ ಹೇಳುವ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ.

ಸ್ನಾನವನ್ನೂ ಕಲಿಯಿರಿ. ಅತ್ತೆಯೋ ಅಜ್ಜಿಯೋ ಮಣೆ ಮೇಲೆ ಕೂತು, ಕಾಲು ಚಾಚಿ, ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಾರಲ್ಲ, ಅದು ಕೈ ಪಳಗಿದವರ ಕೆಲಸ. ಮೊದಲು ನೀರು ಹೊಯ್ದುಕೊಡಿ, ಟವೆಲ್ ಹಿಡಿದು ನಿಂತುಕೊಳ್ಳಿ, ಎಣ್ಣೆ ಹಚ್ಚುವುದನ್ನು ನೀವು ಮಾಡಿ. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು, ಮಗುವಿನ ಎದೆ ಹಿಂಡುವುದು ಬೇಡ ಎಂದು ಆಗ ಮೆಲ್ಲಗೆ ಹೇಳಲೂ ಅವಕಾಶ ಸಿಗುತ್ತದೆ. ಕೈಯಲ್ಲಿ ಟವೆಲ್ ಹಿಡಿದವನ ಮಾತಿಗೆ ಬಾಗಿಲಲ್ಲಿ ನಿಂತು ಹೇಳುವವನ ಮಾತಿಗಿಂತ ಬೆಲೆ ಜಾಸ್ತಿ.

ವಾರದ ಉಳಿದ ಐದು ದಿನ? ವಿಡಿಯೋ ಕಾಲ್ ಮಾಡಿ, ಆದರೆ ‘ಮಗು ತೋರಿಸು’ ಎಂದು ಶುರು ಮಾಡಬೇಡಿ. ‘ನಿದ್ದೆ ಆಯ್ತಾ, ಊಟ ಆಯ್ತಾ, ಹೊಲಿಗೆ ನೋವು ಹೇಗಿದೆ’ ಎಂದು ಆಕೆಯಿಂದ ಶುರು ಮಾಡಿ. ಅವಳು ಕುಡಿಸುವಾಗ ಮಧ್ಯರಾತ್ರಿ ಒಬ್ಬಳೇ ಎದ್ದಿರುತ್ತಾಳೆ, ಅಪರೂಪಕ್ಕೆ ಒಂದು ದಿನ ನೀವೂ ಎದ್ದು ಹತ್ತು ನಿಮಿಷ ಮಾತಾಡಿ. ಕಾಗದ ಪತ್ರದ ಕೆಲಸ ಪೂರ್ತಿ ನಿಮ್ಮದು. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರು ಕಳಿಸಿದ್ದಾರಾ ಎಂದು ಇದೇ ವಾರ ಕೇಳಿ. ಆರನೇ ವಾರದ ಲಸಿಕೆಯ ದಿನವನ್ನು ಈಗಲೇ ಬರೆದಿಟ್ಟು ಅವತ್ತಿಗೆ ರಜೆ ಹೇಳಿಡಿ.

ರಜೆ ಅಂದಾಗ ನೆನಪಾಯಿತು. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಮಗು ಹುಟ್ಟಿದ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ಖಾಸಗಿಯವರಿಗೆ ಅಂಥ ಕಾನೂನು ಇಲ್ಲ, ಕಂಪನಿಯ ಮರ್ಜಿ. ನಿಮ್ಮ ಹತ್ತಿರ ಇರುವ ರಜೆಯನ್ನೆಲ್ಲ ಈಗಲೇ ಖರ್ಚು ಮಾಡಬೇಡಿ. ತವರಲ್ಲಿ ಕೈಗೆ ಕೈ ಇದೆ. ಮೂರನೇ ತಿಂಗಳಿಗೋ ಐದಕ್ಕೋ ಆಕೆ ಬೆಂಗಳೂರಿಗೆ ಬಂದಾಗ ಮನೆಯಲ್ಲಿ ಇರುವುದು ನೀವಿಬ್ಬರೇ. ಅಮ್ಮನ ಮನೆಯಿಂದ ಬಂದ ಮೊದಲ ಎರಡು ವಾರದಲ್ಲಿ ಕುಡಿಸುವುದನ್ನು ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಹಾಲು ಬತ್ತಿದ್ದಲ್ಲ, ಅಡುಗೆ ಮತ್ತು ಪಾತ್ರೆ ಗೆದ್ದದ್ದು. ರಜೆ ಅಲ್ಲಿಗೆ ಇರಲಿ. ಅಷ್ಟರಲ್ಲಿ ಸಾರು, ಪಲ್ಯ, ಮೊಸರನ್ನ ಇಷ್ಟಾದರೂ ಮಾಡಲು ಕಲಿತಿರಿ.

ಆಗ ನಿಮ್ಮ ಕೈಯಿಂದ ಹಾಲು ಕುಡಿಸುವ ಆಸೆಯೂ ತೀರುತ್ತದೆ. ಕುಡಿಸುವುದು ಚೆನ್ನಾಗಿ ರೂಢಿಯಾದ ಮೇಲೆ, ಸುಮಾರು ಆರನೇ ವಾರದ ನಂತರ, ಆಕೆ ಹಿಂಡಿಟ್ಟ ಹಾಲನ್ನು ನೀವು ಕೊಡಬಹುದು. ತೊಳೆದು ಕುದಿಸಿದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ 24 ಗಂಟೆಯೊಳಗೆ ಬಳಸಿಬಿಡಿ, ಬಾಗಿಲಲ್ಲಿ ಇಡಬೇಡಿ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿದು ಮಿಕ್ಕಿದ್ದನ್ನು ಚೆಲ್ಲಿ. ಬಾಟಲಿ ಬೇಕಿಲ್ಲ, ಅದನ್ನು ಶುದ್ಧವಾಗಿಡುವುದೂ ಕಷ್ಟ. ನಮ್ಮ ಮನೆಗಳಲ್ಲಿ ಮೊದಲಿಂದ ಇರುವ ಒಳಲೆ ಸಾಕು. ಮಗುವನ್ನು ಮಲಗಿಸದೆ ಅರ್ಧ ಕೂರಿಸಿ ಹಿಡಿದು, ಒಳಲೆಯ ತುದಿಯನ್ನು ಬಾಯಿಯ ಅಂಚಿಗೆ ಇಟ್ಟು, ಸ್ವಲ್ಪ ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಮತ್ತೆ ಬಿಡಬೇಕು. ಸುರಿಯಬಾರದು.

ಮನಸ್ಸಿನ ವಿಷಯ ಮರೆಯಬೇಡಿ. ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಕಡಿಮೆಯಾಗುತ್ತದೆ. ನಿಮ್ಮ ಹೆಂಡತಿಗೆ ಈಗ ಆ ಎರಡು ವಾರ ಮುಗಿದಿದೆ. ಇನ್ನೂ ದಿನವಿಡೀ ಮಂಕಾಗಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ‘ನನ್ನಿಂದ ಆಗಲ್ಲ’ ಎನ್ನುತ್ತಿದ್ದರೆ ಅದನ್ನು ದೃಷ್ಟಿ, ಸೋಮಾರಿತನ ಅಂತ ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಅಪ್ಪಂದಿರಲ್ಲೂ ಸುಮಾರು ಹತ್ತಕ್ಕೆ ಒಬ್ಬರಿಗೆ ಈ ಖಿನ್ನತೆ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಇಬ್ಬರಲ್ಲಿ ಯಾರು ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ.

ಮಗು ಎದೆಗೆ ಹಾಕಿದರೂ ಕುಡಿಯದೆ ಮಂಕಾಗಿ ಮಲಗಿದರೆ, ಮೈ ಬಿಸಿಯಾದರೆ ಇಲ್ಲವೇ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ ಅಥವಾ ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ, ಉಚ್ಚೆ ತೀರಾ ಕಡಿಮೆಯಾದರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಹೋಗಿ. 108 ಇದೆ. ಈ ಪಟ್ಟಿಯನ್ನು ಅತ್ತೆಯ ಫೋನಿಗೂ ಕಳಿಸಿ. ಆಶಾ ಕಾರ್ಯಕರ್ತೆ 21, 28 ಮತ್ತು 42ನೇ ದಿನ ಮನೆಗೆ ಬಂದಾಗಲೂ ತೂಕ ನೋಡುತ್ತಾರೆ, ಬರೆದಿಟ್ಟುಕೊಳ್ಳಲು ಹೇಳಿ.

ಕೊನೆಗೆ ಅತ್ತೆಗೆ ಹೇಗೆ ಹೇಳುವುದು. ಅವರು ಪೌಡರ್ ಹಾಲು ಅನ್ನುತ್ತಿರುವುದು ಮೊಮ್ಮಗಳು ಅಳುವುದನ್ನು ನೋಡಲಾಗದೆ, ಮಗಳು ಸೊರಗುವುದನ್ನು ನೋಡಲಾಗದೆ. ‘ಡಾಕ್ಟರ್ ನೀವು ಹೇಳಿದ್ದು ತಪ್ಪು ಅಂದ್ರು’ ಎಂದು ಹೋದರೆ ಕೆಲಸ ಕೆಡುತ್ತದೆ. ಹೆಂಡತಿಯ ಮುಂದೆ, ನೆಂಟರ ಮುಂದೆ ಬೇಡ. ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ತೂಕದ ಚೀಟಿ ಹಿಡಿದುಕೊಂಡು ಹೋಗಿ. ‘ಅತ್ತೆ, ನೀವು ನೋಡಿಕೊಂಡಿದ್ದಕ್ಕೇ ಮಗು ದಿನಕ್ಕೆ 25 ಗ್ರಾಂ ಏರಿದೆ. ಇನ್ನೊಂದು ವಾರ ಬರೀ ಎದೆಹಾಲೇ ಕೊಡೋಣ. ಮುಂದಿನ ಶನಿವಾರ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ತೂಕ ಮಾಡಿಸ್ತೀನಿ. ದಿನಕ್ಕೆ 20 ಗ್ರಾಂಗಿಂತ ಕಡಿಮೆ ಬಂದ್ರೆ ಡಾಕ್ಟರ್ ಹೇಳಿದ ಹಾಗೆ ಮಾಡೋಣ. ಈ ಎರಡು ದಿನ ಸಂಜೆ ಮಗು ಅತ್ತಾಗ ನಾನು ಎತ್ಕೊಂಡು ಓಡಾಡ್ತೀನಿ, ನೀವು ಸ್ವಲ್ಪ ಮಲಗಿ’ ಎನ್ನಿ. ಒಳಲೆ ಹಿಡಿಯುವುದು ಹೇಗೆಂದು ತೋರಿಸಿಕೊಡಿ ಎಂದೂ ಕೇಳಿ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.